ಬೆಡ್‌ಶೀಟಿನ ನಾಲ್ಕು ತುದಿ

"ಫ್ಯಾನೂ ಹಾಕಿಸಿಕೊಡ್ತೀನಿ," ಎಂದಳು ಮೇಲ್ವಿಚಾರಕಿ. ಹೆಚ್ಚಿನ ಸಂಬಳ, ಕುರ್ಚಿ, ಒಂದು ಗಂಟೆ ಮುಂಚೆ ಮನೆಗೆ ಹೋಗುವ ಅನುಮತಿ, ಎಲ್ಲ ಆಮಿಷಗಳೂ ಮುಗಿದಿದ್ದವು.

ಎದುರಿಗೆ ನಿಂತಿದ್ದ ಹೆಂಗಸು ನಕ್ಕಳು. "ಫ್ಯಾನ್ ಬೇಡ ಮೇಡಂ. ಮಡಚಿಟ್ಟಿದ್ದೆಲ್ಲ ಹಾರಿಹೋಗುತ್ತೆ."

ಅದು ಆಸ್ಪತ್ರೆಗಳ ಬಟ್ಟೆ ಒಗೆಯುವ ಲಾಂಡ್ರಿ. ಮಡಚುವ ಕೋಣೆಗೆ ಮುಖ್ಯಸ್ಥೆ ಬೇಕಿತ್ತು. ಸಂಜೆ ಐದರೊಳಗೆ ಹೆಸರು ಕೊಡದಿದ್ದರೆ ಮಾಲೀಕರು ತಮ್ಮ ಭಾವಮೈದನನ್ನು ತಂದು ಕೂರಿಸುವವರಿದ್ದರು. ಆತ ಹಿಂದಿನ ವರ್ಷ ಒಂದೇ ಒಂದು ವಾರ ಇಲ್ಲಿ ಉಸ್ತುವಾರಿ ನೋಡಿದ್ದ. ಆ ವಾರ ಆಪರೇಷನ್ ಕೋಣೆಯ ಹಸಿರು ಬಟ್ಟೆಗಳೆಲ್ಲ ಹೆರಿಗೆ ಆಸ್ಪತ್ರೆ ಸೇರಿ, ಹುಟ್ಟಿದ ಕೂಸುಗಳು ಎಲೆಕೋಸಿನಂತೆ ಸಾಲಾಗಿ ಮಲಗಿದ್ದವು.

"ಹಾಗಾದ್ರೆ ನಿನಗೆ ಬೇಕಾಗಿದ್ದೇನು? ಬಾಯಿಬಿಟ್ಟು ಹೇಳಮ್ಮ."

"ಏನೂ ಇಲ್ಲ. ಇದ್ದ ಹಾಗೇ ಇದ್ದುಬಿಡ್ತೀನಿ."

ಈ ದನಿ ಮೇಲ್ವಿಚಾರಕಿಗೆ ಹೊಸದಲ್ಲ. ಚೆನ್ನಾಗಿ ಓದಿದರೆ ಸೈಕಲ್ ಕೊಡಿಸುತ್ತೇನೆಂದಾಗ ಮಗಳೂ ಹೀಗೆಯೇ "ಸರಿ" ಎಂದು ಬಾಗಿಲು ಹಾಕಿಕೊಂಡಿದ್ದಳು. ಅಂಕಗಳು ಮೇಲೇರಲಿಲ್ಲ, ಸೈಕಲ್ಲನ್ನು ಅವಳು ಕೇಳಲೂ ಇಲ್ಲ. ತಾಯಿ ಮಗಳ ನಡುವೆ ಈಚೆಗೆ ಉಳಿದಿದ್ದದ್ದು ಊಟ, ನೀರು, ಬೀಗದ ಕೈ, ಇಷ್ಟರ ಮಾತು.

"ಅತ್ತಿಗೇ, ಬನ್ನಿ! ಇಲ್ಲಿ ಬೆಟ್ಟ ಬೆಳೀತಾ ಇದೆ!" ಒಳಗಿನಿಂದ ಆ ಹೆಂಗಸಿನ ನಾದಿನಿ ಕೂಗಿದಳು. ಇಬ್ಬರೂ ಒಂದೇ ಮನೆಯವರು. ನಾದಿನಿ ಕರೆದೂ ಕರೆದೂ ಇಡೀ ಲಾಂಡ್ರಿಗೆ ಆಕೆ ಅತ್ತಿಗೆಯಾಗಿದ್ದಳು. ಸಂಬಳದ ಮಾತಿಗೆ ಕದಲದ ಅತ್ತಿಗೆ ಆ ಕೂಗಿಗೆ ಓಡಿದಳು.

ಮೇಲ್ವಿಚಾರಕಿ ಬಾಗಿಲಲ್ಲಿ ನಿಂತು ನೋಡಿದಳು. ಗಂಟೆಗೆ ಎಷ್ಟು ಬೆಡ್‌ಶೀಟ್ ಎಂಬುದು ಅವಳಿಗೆ ಗೊತ್ತಿತ್ತು. ಹೇಗೆ ಎಂದು ನೋಡಿರಲಿಲ್ಲ. ಇಬ್ಬರೂ ಎರಡೆರಡು ತುದಿ ಹಿಡಿದು ಹಿಂದೆ ಸರಿದರು, ಫಟ್ಟೆಂದು ಜಗ್ಗಿದರು, ನಡೆದು ಹತ್ತಿರ ಬಂದರು. ಕೈಗೆ ಕೈ ತಾಗಿದಾಗ ಅತ್ತಿಗೆ ಏನೋ ಪಿಸುಗುಟ್ಟಿದಳು. ಮುಂದಿನ ಬೆಡ್‌ಶೀಟ್ ಮಡಚುವಾಗ ನಾದಿನಿ ಉತ್ತರ ಕೊಟ್ಟಳು.

ಊಟದ ಹೊತ್ತಿಗೆ ನಾದಿನಿ ಒಬ್ಬಳೇ ಸಿಕ್ಕಳು.

"ಮನೇಲೂ ಹೀಗೇನಾ ನಿಮ್ಮ ಮಾತುಕತೆ?"

"ಮನೇಲಾ?" ನಾದಿನಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. "ಮನೇಲಿ ಮಾತು ಬಿಟ್ಟು ಮೂರು ವರ್ಷ ಆಯ್ತು ಮೇಡಂ. ಮಹಡಿ ಮೇಲಿನ ಕೋಣೆ ಯಾರಿಗೆ ಅಂತ ಜಗಳ. ಈಗ ಅದ್ರಲ್ಲಿ ಖಾಲಿ ಡಬ್ಬಗಳು ಸುಖವಾಗಿವೆ."

"ಮತ್ತೆ ಇಲ್ಲಿ?"

"ಇಲ್ಲಿ ಜೋಡಿ ಹಾಕಿದ್ದು ನೀವೇ ಅಲ್ವಾ! ಮೊದಮೊದಲು 'ಎಳಿ', 'ಬಿಡು', ಅಷ್ಟೇ. ಒಂದಿನ ಅತ್ತಿಗೆ 'ಕೆಮ್ಮು ಕಡಿಮೆ ಆಯ್ತಾ' ಅಂದ್ರು. ನಾನು ನಾಲ್ಕು ಬೆಡ್‌ಶೀಟ್ ಆದ್ಮೇಲೆ 'ಹ್ಞೂಂ' ಅಂದೆ." ಅವಳು ಡಬ್ಬಿ ಮುಚ್ಚಿದಳು. "ಮನೇಲಿ ಮೊದಲು ಮಾತಾಡಿದೋರು ಸೋತ ಹಾಗೆ. ಇಲ್ಲಿ ಕೆಲಸ ತಾನೇ, ಸೋಲಿಲ್ಲ."

ನಾಲ್ಕು ಗಂಟೆಗೆ ಮೇಲ್ವಿಚಾರಕಿ ಅತ್ತಿಗೆಯ ಬಳಿ ಬಂದಳು. "ಕುರ್ಚಿ, ಫ್ಯಾನು ಎರಡೂ ರದ್ದು. ಮಧ್ಯಾಹ್ನದವರೆಗೆ ಇವಳ ಜೊತೆ ಮಡಚು, ಆಮೇಲೆ ಉಸ್ತುವಾರಿ ನೋಡಿಕೋ. ಆಗುತ್ತಾ?"

ಅತ್ತಿಗೆ ಬೆಡ್‌ಶೀಟಿನ ಆಚೆ ತುದಿಯತ್ತ ನೋಡಿದಳು.

"ಒಪ್ಕೊಳ್ಳಿ ಅತ್ತಿಗೆ," ಎಂದಳು ನಾದಿನಿ. "ಇಲ್ಲಾಂದ್ರೆ ಎಲೆಕೋಸಿನ ಮಹಾರಾಯ ಬರ್ತಾನೆ."

"ಇಷ್ಟೇ ಆದ್ರೆ ಬೆಳಗ್ಗೇನೇ ಹೇಳಬಾರದಿತ್ತಾ ಮೇಡಂ?" ಎಂದು ಅತ್ತಿಗೆಯೇ ತಿರುಗಿ ಗದರಿದಳು.

"ಮುಖ್ಯಸ್ಥೆ ನಿಂತ್ಕೊಂಡು ಬಟ್ಟೆ ಮಡಚೋದಾ?" ಎಂದರು ಮಾಲೀಕರು, ಮೇಲ್ವಿಚಾರಕಿ ತಂದ ಹೆಸರಿನ ಚೀಟಿ ನೋಡಿ.

"ಕೂತ್ಕೊಂಡು ಮಡಚೋಕಾಗಲ್ಲ ಸಾರ್," ಎಂದಳು ಅವಳು.

ಮಾಲೀಕರು ಗೊಣಗುತ್ತ ಸಹಿ ಹಾಕಿದರು. ಆಗ ಐದಕ್ಕೆ ಇನ್ನೂ ಹತ್ತು ನಿಮಿಷವಿತ್ತು.

ಮನೆಯಲ್ಲಿ ಮಗಳು ಪುಸ್ತಕ ತೆರೆದು ಕಿಟಕಿ ನೋಡುತ್ತಿದ್ದಳು. ಮೇಲ್ವಿಚಾರಕಿ ತಂತಿಯಿಂದ ಒಣಗಿದ ಬೆಡ್‌ಶೀಟ್ ಎಳೆದು ತಂದಳು. "ಈ ತುದಿ ಹಿಡ್ಕೋ ಬಾ."

"ಇಷ್ಟು ಚಿಕ್ಕದಕ್ಕೆ ಇಬ್ಬರು ಬೇಕಾ? ದಿನಾ ಅಷ್ಟೊಂದು ಮಡಚಿಸ್ತೀಯ!"

"ಮಡಚಿಸ್ತೀನಿ. ನನಗೆ ಮಡಚೋಕೆ ಬರಲ್ಲ ಕಣೇ."

ಮಗಳು ನಗುತ್ತ ಎದ್ದು ಬಂದಳು. ಇಬ್ಬರೂ ಜಗ್ಗಿದರು, ಹತ್ತಿರ ಬಂದರು, ಸರಿದರು, ಮತ್ತೆ ಬಂದರು. ಬೆರಳುಗಳು ತಾಗಿದಾಗ ಮಗಳು ತಲೆ ಎತ್ತದೆ, "ಅಮ್ಮಾ, ಒಂದು ವಿಷಯ..." ಎಂದು ನಿಲ್ಲಿಸಿದಳು.

ಬೆಡ್‌ಶೀಟ್ ಮಡಚಿ ಮುಗಿದುಹೋಗಿತ್ತು. ಮೇಲ್ವಿಚಾರಕಿ ಕಪಾಟು ತೆರೆದು, ಮಡಚಿಟ್ಟಿದ್ದ ಇನ್ನೊಂದನ್ನು ತೆಗೆದು ಕೊಡವಿ, ಎರಡು ತುದಿಗಳನ್ನು ಮಗಳತ್ತ ಚಾಚಿದಳು.