ಕರುಪ್ಪಯ್ಯ ಮಾಮನ ಕೋಟಿನ ಕಲ್ಲುಗಳು

ಕರುಪ್ಪಯ್ಯ ಮಾಮ ನೆಲದ ಮೇಲೂ ನೇರವಾಗಿ ನಡೆದವರಲ್ಲ. ಎಡಹೆಗಲನ್ನು ತುಸು ಮುಂದೆ ಮಾಡಿ, ಯಾರಿಗೂ ಕಾಣದ ಗಾಳಿಗೆ ಒರಗಿಕೊಂಡವರಂತೆ ಓರೆಯಾಗಿ ಬರುತ್ತಿದ್ದರು. ಕುಮಿಳಿ ಘಟ್ಟದ ಕೆಳಗಿನ ಗೂಡಲೂರಿನ ಬೀದಿಯ ಹೆಂಗಸರು, "ಏನ್ ಮಾಮಾ, ಇಲ್ಲೂ ಹೊಳೆ ಹರೀತದಾ?" ಎಂದರೆ, "ಹರೀತದೆ ತಾಯಿ, ನಿಮಗೆ ಕಾಣಲ್ಲ" ಎಂದು ನಗುತ್ತಿದ್ದರು.

ಅವರದು ಹರಿಗೋಲಿನ ಬದುಕು. ಬೆಟ್ಟದ ಮೇಲಿನ ಹೊಸ ಅಣೆಕಟ್ಟಿನ ನೀರು ಸುರಂಗದಿಂದ ನಮ್ಮ ಕಣಿವೆಗೆ ಇಳಿದ ಮೇಲೆ, ಮೊಣಕಾಲುದ್ದದ ಹೊಳೆ ತುಂಬಿ ಹರಿಯತೊಡಗಿತ್ತು. ದಾಟುವವರಿಗೆ ಅವರೇ ದಿಕ್ಕು. ಆಡಿ ತಿಂಗಳಲ್ಲಿ, ಆಷಾಢದ ಹೊತ್ತಿಗೆ, ಕುಮಿಳಿ ಘಟ್ಟದ ಸಂದಿನಿಂದ ನುಗ್ಗುವ ಗಾಳಿ ಹರಿಗೋಲಿನ ಪಕ್ಕೆಗೇ ಬಡಿಯುತ್ತಿತ್ತು. ಆಗ ಅವರು ಇಳಿಯಬೇಕಾದ ಕಡವಿನತ್ತ ನೋಡುತ್ತಲೇ ಇರಲಿಲ್ಲ. ಹರಿವಿಗೆ ಎದುರಾಗಿ, ಅದಕ್ಕಿಂತ ಬಹಳ ಮೇಲಿದ್ದ ಹುಣಸೆಮರಕ್ಕೆ ಗುರಿಯಿಟ್ಟು ಹುಟ್ಟು ಹಾಕುತ್ತಿದ್ದರು. ಗಾಳಿಯೂ ನೀರೂ ಸೇರಿ ತಳ್ಳುತ್ತ ತಳ್ಳುತ್ತ, ಕೊನೆಗೆ ಎರಡು ಬಂಡೆಗಳ ನಡುವಿನ ಆ ಇಕ್ಕಟ್ಟಿನ ಕಡವಿಗೇ ನಮ್ಮನ್ನು ಮುಟ್ಟಿಸುತ್ತಿದ್ದವು.

ಬಿಸಿಲಿರಲಿ ಮಳೆಯಿರಲಿ, ಮೈಮೇಲೆ ಅಣೆಯ ಕೆಲಸದವನೊಬ್ಬ ಬಿಟ್ಟುಹೋದ ಗುಂಡಿಯಿಲ್ಲದ ಕೋಟು. ಒಬ್ಬೊಬ್ಬರು ಹತ್ತಿದಂತೆ ಒಂದೊಂದು ಬೆಣಚುಕಲ್ಲು ಅದರ ಜೇಬಿಗೆ ಬೀಳುತ್ತಿತ್ತು. ಒಬ್ಬೊಬ್ಬರು ಇಳಿದಂತೆ ಒಂದೊಂದು ದಡಕ್ಕೆ. ಹರಿಗೋಲಿನ ಅಂಚಿಗೆ ಸಿಕ್ಕಿಸಿದ ಬಿದಿರುಕಡ್ಡಿಯ ತುದಿಯಲ್ಲಿ ಹಳೆಯ ಪಂಚೆಯ ಚೂರು. ಅದು ಪಟಪಟ ಹೊಡೆದುಕೊಳ್ಳುವವರೆಗೆ ಭಯವಿಲ್ಲ. ಸದ್ದು ನಿಂತು ಕೋಲಿನಂತೆ ಸೆಟೆದರೆ ಹರಿಗೋಲು ಬಂಡೆಗೆ ಬಡಿದೀತು, ಆ ಕಡವಿನ ಆಸೆ ಬಿಡಬೇಕು.

ಒಂದು ಆಡಿಯ ಬೆಳಗ್ಗೆ ಜೇಬಿನಲ್ಲಿ ಏಳು ಕಲ್ಲುಗಳಿದ್ದವು. ಒಂದು ನನ್ನದು, ಒಂದು ನಮ್ಮ ಬೀದಿಯ ಅಳಗಮ್ಮಾಳದು. ಅವಳ ತಾಯಿಗೆ ಕೊನೆಯುಸಿರು ಎಂದು ಹೇಳಿಕಳಿಸಿದ್ದರು. ಕಡವಿನ ಮೇಲೆಯೇ ತಾಯಿಯ ಮನೆ. ಅದರ ಸೂರು ಹೊಳೆಯಿಂದಲೇ ಕಾಣುತ್ತಿತ್ತು. ನಡುನೀರಿನಲ್ಲಿ ಗಾಳಿ ಎದ್ದಿತು. ಬಂಡೆ ಒಂದು ಮಾರು ದೂರವಿದ್ದಾಗ ಬಟ್ಟೆ ಸೆಟೆಯಿತು. ಮಾಮ ಹುಟ್ಟಿನಿಂದ ಬಂಡೆಯನ್ನು ಮೀಟಿ ನಮ್ಮನ್ನು ಹಿಂದಕ್ಕೆ ತಂದರು.

"ಇನ್ನೊಂದು ಸಲ ಮಾಮಾ! ಅಗೋ, ನಮ್ಮವ್ವನ ಮನೆ!"

ಅವರು ಜೇಬನ್ನು ಒಮ್ಮೆ ಮುಟ್ಟಿ ನೋಡಿಕೊಂಡರು. "ವೇಂಡಾಂ ತಾಯಿ, ಬೇಡ. ಕೆಳಗೆ ಮರಳುದಿಣ್ಣೇಲಿ ಇಳಿಸ್ತೀನಿ."

ಅಲ್ಲಿಂದ ಗದ್ದೆಯ ಬದುವಿನ ಮೇಲೆ ಅರ್ಧ ಹರದಾರಿ ಹಿಂದಕ್ಕೆ ನಡೆಯಬೇಕು. ಅಳಗಮ್ಮಾಳ್ ಓಡಿದಳು. ಅವಳಿನ್ನೂ ನಮಗೆ ಕಾಣುತ್ತಿದ್ದಾಗಲೇ ಅತ್ತ ಸಾವಿನ ಶಂಖದ ದನಿ ಕೇಳಿಸಿತು. ಮಾಮ ಕೊನೆಯ ಕಲ್ಲನ್ನು ದಡಕ್ಕೆ ಹಾಕದೆ ಅಂಗೈಯಲ್ಲೇ ಹಿಡಿದಿದ್ದರು.

ಆಮೇಲೆ ಸಂತೆಯಲ್ಲಿ ಮಾರಿಮುತ್ತು ಎಂಬವನು ಎಲ್ಲರಿಗೂ ಕೇಳುವಂತೆ, "ವಯಸ್ಸಾಯ್ತು, ಮಾಮಂಗೆ ಕೈ ನಡುಗ್ತು" ಎಂದ.

"ನಡುಗ್ತು ಕಣಪ್ಪಾ" ಎಂದರು ಮಾಮ.

ಇನ್ನೊಂದು ಸಲ ಪ್ರಯತ್ನಿಸಿದ್ದರೆ ದಡ ಸಿಗುತ್ತಿತ್ತೇ? ನಾನೂ ಆ ಹರಿಗೋಲಿನಲ್ಲಿದ್ದವಳು, ನನಗೂ ಗೊತ್ತಿಲ್ಲ. ಅವರಿಗೂ ಗೊತ್ತಿರಲಿಲ್ಲವೆಂದೇ ತೋರುತ್ತದೆ.

ಒಂದು ವರ್ಷ ಅಳಗಮ್ಮಾಳ್ ಆ ಹರಿಗೋಲು ಹತ್ತಲಿಲ್ಲ. ಬಹಳ ಮೇಲೆ, ದೂರದಲ್ಲಿದ್ದ ಸೇತುವೆಯವರೆಗೆ ಸುತ್ತಿ ಹೋಗುತ್ತಿದ್ದಳು. ಮರುವರ್ಷದ ಆಡಿಯಲ್ಲಿ, ಕಂಕುಳಲ್ಲಿ ಕೂಸನ್ನು ಎತ್ತಿಕೊಂಡು ಕಡವಿಗೆ ಬಂದಳು. ಮಾಮ ತಲೆ ಎತ್ತಲಿಲ್ಲ. ಅವಳೇ ಬಗ್ಗಿ ಎರಡು ಕಲ್ಲು ಆರಿಸಿ ಅವರ ಕೈಗಿಟ್ಟಳು.

"ಇದು ನಂದು. ಈ ಸಣ್ಣದು ಇವಳದು. ನೀವು ಎಲ್ಲಿ ಇಳಿಸಿದ್ರೆ ಅಲ್ಲಿ ಇಳೀತೀವಿ, ಮಾಮಾ."

ಅವರು ಸಣ್ಣ ಕಲ್ಲನ್ನು ಕೋಟಿನ ಒಳಜೇಬಿಗೆ ಹಾಕಿಕೊಂಡರು.

ದಡ ಮುಟ್ಟಿಸಿದವರನ್ನು ಲೋಕ ಕೊಂಡಾಡುತ್ತದೆ. ಮುಟ್ಟಿಸದೆ ಹಿಂತಿರುಗಿದವರು ಉಳಿಸಿದ್ದೇನು ಎಂಬುದಕ್ಕೆ ಮಾತ್ರ ಸಾಕ್ಷಿಯೇ ಇರುವುದಿಲ್ಲ. ಅವರಿಂದ ಕಳೆದುಹೋದದ್ದು ಎಲ್ಲರಿಗೂ ಕಾಣುತ್ತದೆ, ಮೊದಲು ಅವರಿಗೇ ಕಾಣುತ್ತದೆ. ಅಂಥವರು ವಾದಿಸುವುದಿಲ್ಲ. ಮರುದಿನ ಗಾಳಿ ನೋಡಿ, ಹತ್ತಿದವರಿಗೆ ಒಂದೊಂದು ಕಲ್ಲು ಆರಿಸಿಕೊಂಡು, ಮತ್ತೆ ಹುಟ್ಟು ಹಿಡಿಯುತ್ತಾರೆ.