ವಾಣಿಶ್ರೀ ಓದಿದ ಕಾಗದ

ಆಂಧ್ರದ ಗಡಿಯ ಗುಮ್ಮಘಟ್ಟದಿಂದ ಷೇರ್ ಆಟೋದಲ್ಲಿ ಅರ್ಧ ಗಂಟೆಯ ದಾರಿಯಲ್ಲಿದ್ದ ಆ ಊರಿನ ಕನ್ನಡ ಶಾಲೆಗೆ ಕೃಷ್ಣವೇಣಿ ಬಂದು ನಾಲ್ಕು ವರ್ಷವಾಗಿತ್ತು. ಐದು ತರಗತಿಗೆ ಇಬ್ಬರೇ ಟೀಚರುಗಳು. ಇಂಗ್ಲಿಷ್ ಪೂರ್ತಿ ಇವಳ ಪಾಲಿಗೇ ಬಂದಿತ್ತು. ವರ್ಷಕ್ಕೆರಡು ಸಲ ಮಂಡಲದ ಶಿಕ್ಷಣ ಕಚೇರಿಯಿಂದ ಪರೀಕ್ಷೆ ಮಾಡುವವರು ಬರುತ್ತಿದ್ದರು. ನಿಮಿಷಕ್ಕೆ ಎಷ್ಟು ಪದ ಗಟ್ಟಿಯಾಗಿ ಓದುತ್ತಾರೆ ಎನ್ನುವುದಷ್ಟೇ ಅವರ ಲೆಕ್ಕ; ಓದಿದ್ದು ತಿಳಿಯಿತೇ ಎಂದು ಯಾರೂ ಕೇಳುತ್ತಿರಲಿಲ್ಲ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು ಆಡುವ ಮಕ್ಕಳಿಗೆ ಇಂಗ್ಲಿಷಿನ ಓದು, ಅರ್ಥ ಎರಡನ್ನೂ ಒಟ್ಟಿಗೆ ಕಲಿಸುವಷ್ಟು ಹೊತ್ತು ಇರಲಿಲ್ಲ. ಮೊದಲು ನಾಲಿಗೆ ಹೊರಳಲಿ, ಅರ್ಥ ಆಮೇಲೆ ಬಂದೀತು ಎಂದು ಕೃಷ್ಣವೇಣಿ ಮನಸ್ಸಿಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು.

ನಾಲ್ಕನೇ ತರಗತಿಯ ವಾಣಿಶ್ರೀಯ ನಾಲಿಗೆ ಹೊರಳಿದ್ದು ನೋಡಿ ಕೃಷ್ಣವೇಣಿಗೇ ಬೆರಗಾಗಿತ್ತು. ಕುರಿ ಕಾಯುವ ಹನುಮೇಶನ ಒಬ್ಬಳೇ ಮಗಳು. ಅಕ್ಷರಗಳ ಸದ್ದು ಹಿಡಿದು, ಬಿಡಿಸಿ, ಕೂಡಿಸಿ, ಬಿಸ್ಕತ್ತಿನ ಪೊಟ್ಟಣದಿಂದ ಹಿಡಿದು ಗೊಬ್ಬರದ ಚೀಲದವರೆಗೆ ಕಂಡದ್ದನ್ನೆಲ್ಲ ಓದುತ್ತಿದ್ದಳು. ಓದಿ ಮುಗಿಸಿದ ಮೇಲೆ ಅದೇನೆಂದು ಕೇಳಿದರೆ ನಕ್ಕು ತಲೆ ಅಲ್ಲಾಡಿಸುವಳು.

ಆಗಸ್ಟಿನ ಒಂದು ಸಂಜೆ ಕೃಷ್ಣವೇಣಿ ಆಟೋಗೆ ಕಾಯುತ್ತ ನಿಂತಿದ್ದಾಗ ಎದುರುಮನೆಯಿಂದ ಹನುಮೇಶ ಕೂಗಿದ.

"ಟೀಚರ್, ಬರ್ರಿ. ಆಟೋ ಬರೋತನಕ ಕುಂದರ್ರಿ. ನಮ್ಮ ಹುಡುಗಿ ಓದೋದು ಕೇಳಿಹೋಗ್ರಿ."

ಜಗುಲಿಯ ಮೇಲೆ ಅವನ ತಾಯಿ ಬೊಮ್ಮಕ್ಕ ಕೂತಿದ್ದಳು. ಮುದುಕಿಯ ಬಾಯೊಳಗೆ ಮೂರು ತಿಂಗಳಿನಿಂದ ಒಂದು ಹುಣ್ಣು. ತಂಬಾಕು ಬಿಟ್ಟರೂ ವಾಸಿಯಾಗಿರಲಿಲ್ಲ. ಬಳ್ಳಾರಿಯ ಆಸ್ಪತ್ರೆಯಲ್ಲಿ ಹುಣ್ಣಿನದೊಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದರು. ಅದರ ಕಾಗದ ತರಲು ಹನುಮೇಶ ಅಂದು ಹೋಗಿದ್ದ. ಡಾಕ್ಟರು ರಜೆಯಲ್ಲಿದ್ದುದರಿಂದ ಸೋಮವಾರ ಬಾ ಎಂದು ಹೇಳಿ, ಕಿಟಕಿಯಲ್ಲೇ ಲಕೋಟೆ ಕೊಟ್ಟು ಕಳಿಸಿದ್ದರು.

"ಅಲ್ಲಿತನ ಯಾಕ ಕಾಯ್ಬೇಕ್ರಿ? ಮನ್ಯಾಗ ಇಂಗ್ಲಿಷ್ ಓದೋರು ಅದಾರಲ್ಲ" ಎಂದು ಅವನು ನಗುತ್ತ ಮಗಳ ಕೈಗೆ ಕಾಗದ ಕೊಟ್ಟ. ಅಕ್ಕಪಕ್ಕದ ನಾಲ್ಕೈದು ಜನ ಬಂದು ನಿಂತರು.

ವಾಣಿಶ್ರೀ ಕಾಗದದ ಮೇಲೆ ಬೆರಳಿಟ್ಟು ಓದತೊಡಗಿದಳು. ಅಜ್ಜಿಯ ಹೆಸರು, ವಯಸ್ಸು, ತಾರೀಖು. ಕೃಷ್ಣವೇಣಿ ಕಾಗದದ ಕಡೆ ನೋಡಲಿಲ್ಲ. ಹುಡುಗಿಯ ಉಚ್ಚಾರಣೆಯ ಮೇಲೆಯೇ ಅವಳ ಗಮನ.

"ಲೆಫ್ಟ್ ಚೀಕ್" ಎಂದು ಓದಿ ವಾಣಿಶ್ರೀ ಹಿಗ್ಗಿನಿಂದ ತಲೆ ಎತ್ತಿದಳು. "ಚೀಕ್ ಅಂದ್ರ ಗಲ್ಲ, ಅಜ್ಜಿ! ಟೀಚರ್ ಚಿತ್ರದಾಗ ತೋರ್ಸಿದ್ರು."

ಬೊಮ್ಮಕ್ಕ ಊದಿದ ಗಲ್ಲಕ್ಕೆ ಕೈ ಇಟ್ಟುಕೊಂಡು ಒಂದು ಕಡೆಯಿಂದಲೇ ನಕ್ಕಳು.

"ಸ್ಕ್ವಾ... ಮಸ್. ಸೆಲ್." ಬೆರಳು ಮುಂದೆ ಜರುಗಿತು. "ಕಾರ್. ಕಾರ್... ಕಿ..." ಹುಡುಗಿ ತಡವರಿಸಿ ಟೀಚರ ಮುಖ ನೋಡಿದಳು.

"ಸಿ ಮುಂದ ಐ ಬಂದ್ರ ಏನ್ ಸದ್ದು?" ಎಂದಳು ಕೃಷ್ಣವೇಣಿ, ತರಗತಿಯಲ್ಲಿ ಕೇಳುವ ಹಾಗೆಯೇ.

"ಸ!" ವಾಣಿಶ್ರೀ ಗಟ್ಟಿಯಾಗಿ ಕೂಡಿಸಿ ಓದಿದಳು. "ಕಾರ್ಸಿನೋಮ."

"ಭಲೆ!" ಎಂದ ಹನುಮೇಶ. ಪಕ್ಕದ ಮನೆಯವರು ಚಪ್ಪಾಳೆ ತಟ್ಟಿದರು. ಕೃಷ್ಣವೇಣಿಗೆ ಆಗ ಕಿವಿಗೆ ಬಿದ್ದದ್ದು ಏನೆಂದು ತಿಳಿಯಿತು.

"ಸಾಕು ಕಣವ್ವ, ಕೊಡು" ಎಂದು ಕಾಗದ ಇಸಿದುಕೊಂಡಳು.

"ಯಾಕ್ರಿ ಟೀಚರ್? ತಪ್ಪು ಓದಿದ್ನೇನ್ರಿ?"

"ಇಲ್ಲ. ಸರಿಯಾಗೇ ಓದೀದಿ."

ಅವಳು ಹನುಮೇಶನನ್ನು ಪಕ್ಕದ ಹಿಟ್ಟಿನ ಗಿರಣಿಯ ಮರೆಗೆ ಕರೆದುಕೊಂಡು ಹೋಗಿ ವಿಷಯ ಹೇಳಿದಳು. ಕ್ಯಾನ್ಸರ್ ಎಂಬ ಮಾತು ಅವನಿಗೆ ಗೊತ್ತಿತ್ತು.

"ಮತ್ತ ನಮ್ಮ ಹುಡುಗಿ ಅಷ್ಟು ಚೆಂದ ಓದಿದ್ಲಲ್ರಿ" ಎಂದ. "ಆಕಿಗೂ ತಿಳೀಲಿಲ್ಲೇನ್ರಿ?"

"ಓದೋದು ಕಲಿಸೀನಿ ಹನುಮೇಶ್. ಅರ್ಥ ಇನ್ನಾ ಕಲಿಸಿಲ್ರಿ."

ಆಟೋದವನು ಹಾರ್ನ್ ಹೊಡೆದ. ಅವಳು ಕಾಗದವನ್ನು ಹನುಮೇಶನ ಕೈಗೆ ಕೊಟ್ಟು ಹತ್ತಿ ಕೂತಳು. ಜಗುಲಿಯ ಮೇಲಿಂದ ಬೊಮ್ಮಕ್ಕ, "ಹೋಗಿಬರ್ರಿ ಟೀಚರಮ್ಮ" ಎಂದು ಕೈ ಎತ್ತಿದಳು.

ಸೋಮವಾರ ಮುದುಕಿಯನ್ನು ಬಳ್ಳಾರಿಗೆ, ಅಲ್ಲಿಂದ ಕರ್ನೂಲಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದರು. ದಸರಾ ರಜೆಯ ಹೊತ್ತಿಗೆ ಬೊಮ್ಮಕ್ಕನ ದವಡೆಯ ಒಂದು ಭಾಗ ತೆಗೆದಿದ್ದರು. ಮಾತು ಹೋಗಿತ್ತು. ಮೂಗಿನ ಕೊಳವೆಯಿಂದ ಗಂಜಿ. ಊರಿಗೆ ವಾಪಸು ಬಂದ ಮೇಲೆ ಮುದುಕಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೇ ಹೆಚ್ಚು.

ಆ ಮನೆಯಲ್ಲಿ ಯಾರು ಏನು ಅಂದರೋ ಕೃಷ್ಣವೇಣಿಗೆ ಮೊದಲು ಗೊತ್ತಾಗಲಿಲ್ಲ. ವಾಣಿಶ್ರೀ ಕನ್ನಡ ಪಾಠ ಓದುತ್ತಿದ್ದಳು, ಲೆಕ್ಕ ಮಾಡುತ್ತಿದ್ದಳು. ಇಂಗ್ಲಿಷ್ ಪುಸ್ತಕ ತೆಗೆದರೆ ಮಾತ್ರ ತುಟಿ ಬಿಗಿದು ಕೂರುತ್ತಿದ್ದಳು. ಒಂದು ದಿನ ಊಟದ ಬಿಡುವಿನಲ್ಲಿ ಪಕ್ಕ ಕೂರಿಸಿಕೊಂಡು ಕೇಳಿದಾಗ ನೆಲ ನೋಡುತ್ತ ಹೇಳಿದಳು:

"ನಾನು ಓದಿದ್ದಕ್ಕ ಅಜ್ಜಿಗೆ ಹಂಗಾತಂತ್ರಿ. ಅತ್ತಿ ಅಂದ್ಲು. ಓದೋ ಮುಂಚೆ ಅಜ್ಜಿ ನಕ್ಕೋತ ಇದ್ಲಂತ."

"ಹಂಗಲ್ಲ ಮಗಾ. ಕಾಯ್ಲೆ ಮೊದಲೇ ಇತ್ತು. ಕಾಗದದಾಗ ಬರ್ದಿದ್ರು, ಅಷ್ಟೆ."

"ಹೌದ್ರಿ" ಎಂದಳು ಹುಡುಗಿ. ಟೀಚರ್ ಏನು ಹೇಳಿದರೂ ಆಕೆ ಹೌದ್ರಿ ಎನ್ನುವವಳೇ. ಆದರೆ ಪುಸ್ತಕ ಮುಂದಿಟ್ಟಾಗ ಬಾಯಿ ತೆರೆಯಲಿಲ್ಲ. ಕೃಷ್ಣವೇಣಿ ಚಿತ್ರ ತೋರಿಸಿದಳು, ತಾನೇ ಓದಿ ತೋರಿಸಿದಳು, ಗದರಿದಳು, ಗದರಿದ್ದಕ್ಕೆ ತಾನೇ ಬೇಸರಪಟ್ಟಳು. ಹುಡುಗಿಯ ಮನೆಗೆ ಹೋಗಿ ಆ ಅತ್ತೆಗೂ, ಅಂದರೆ ಹನುಮೇಶನ ಅಕ್ಕನಿಗೂ, ಬಿಡಿಸಿ ಹೇಳಿದಳು. ಆಕೆ, "ನಾವು ಏನೂ ಅಂದಿಲ್ಲ ಬಿಡ್ರಿ" ಎಂದು ಒಳಗೆ ಹೋದಳು.

ನವೆಂಬರಿನಲ್ಲಿ ಪರೀಕ್ಷೆ ಮಾಡುವವನು ಬಂದ. ಗೋವರ್ಧನ್ ಎಂದು ಹೆಸರು, ಒಳ್ಳೆಯ ಹುಡುಗನೇ. ವಾಣಿಶ್ರೀಯ ಮುಂದೆ ಟ್ಯಾಬ್ ಹಿಡಿದು ನಿಮಿಷ ಶುರು ಮಾಡಿದ. ಹುಡುಗಿಯ ಕಣ್ಣು ಸಾಲಿನಿಂದ ಸಾಲಿಗೆ ಹರಿಯುತ್ತಿದ್ದುದು ಕೃಷ್ಣವೇಣಿಗೆ ಕಾಣುತ್ತಿತ್ತು. ಅವಳು ಪ್ರತಿಯೊಂದನ್ನೂ ಒಳಗೇ ಓದುತ್ತಿದ್ದಳು. ತುಟಿ ಮಾತ್ರ ಅಲುಗಲಿಲ್ಲ. ನಿಮಿಷ ಮುಗಿಯಿತು.

"ಈಕೆಗೆ ಓದಕ ಬರ್ತೈತ್ರಿ ಸಾರ್" ಎಂದಳು ಕೃಷ್ಣವೇಣಿ. "ಎಲ್ರಿಗಿಂತ ಚೆಂದ ಓದ್ತಾಳ್ರಿ."

"ಇರಬೌದು ಮೇಡಂ. ಆದ್ರ ಕೇಳ್ಸಿದ್ರಲ್ವೇನ್ರಿ ನಾನು ಬರ್ಕೊಳ್ಳೋದು?" ಎಂದು ಅವನು ಸೊನ್ನೆ ಒತ್ತಿದ. ಅಕ್ಷರ ಗುರುತಿಸದ ಮಕ್ಕಳ ಪಟ್ಟಿಗೆ ಹೆಸರು ಹೋಯಿತು.

ಮರುದಿನ ಆ ಪಟ್ಟಿಯವರನ್ನು ಬೇರೆ ಕೂರಿಸಿ ಎ, ಬಿ, ಸಿ ತಿದ್ದಿಸಬೇಕೆಂದು ಫೋನಿಗೆ ಆದೇಶ ಬಂತು. ಕೃಷ್ಣವೇಣಿ ಪಟ್ಟಿಯ ಉಳಿದ ನಾಲ್ಕು ಮಕ್ಕಳನ್ನು ಕಿಟಕಿಯ ಪಕ್ಕ ಕೂರಿಸಿದಳು. ವಾಣಿಶ್ರೀ ಸ್ಲೇಟು ತಂದು ತಾನಾಗಿಯೇ ಅವರ ಜೊತೆ ಕೂತು, ತಲೆ ತಗ್ಗಿಸಿ, ದುಂಡಗೆ ತಿದ್ದತೊಡಗಿದಳು.