ಎಡಗೈಯ ಪೀಠ

ಲಕ್ವ ಹೊಡೆದ ಮೇಲೆ ಗಂಗಾಧರಯ್ಯನವರಿಗೆ ಮಾತು ಬೇಗ ಮರಳಿತು, ಕಾಲೂ ದಾರಿಗೆ ಬಂತು. ಎಡಗೈ ಮಾತ್ರ ಮುನಿಸಿಕೊಂಡ ಅಳಿಯನ ಹಾಗೆ ಮುಷ್ಟಿ ಬಿಗಿದು ಕೂತಿತು.

ಲಿಂಗಪೂಜೆಗೆ ಎಡ ಅಂಗೈಯೇ ಪೀಠ. ಅದರಲ್ಲಿ ಇಷ್ಟಲಿಂಗ ಇಟ್ಟುಕೊಂಡು ಬಲಗೈಯಿಂದ ನೀರು, ವಿಭೂತಿ, ಪತ್ರೆ. ದೀಕ್ಷೆಯಾದಂದಿನಿಂದ ಅವರು ತಪ್ಪಿಸಿದವರಲ್ಲ. ಈಗ ಕೊರಳಲ್ಲಿನ ಲಿಂಗದ ಕರಡಿಗೆಯನ್ನು ತೆರೆಯದೆ ಹಾಗೇ ಕಣ್ಣಿಗೊತ್ತಿಕೊಂಡು ತಿಂಡಿಗೆ ಕೂರುತ್ತಿದ್ದರು. ಪೂಜೆಯಿಲ್ಲದ ತಿಂಡಿ ಅರ್ಧ ತಟ್ಟೆಯಲ್ಲೇ ಉಳಿಯುತ್ತಿತ್ತು.

"ನಾನು ಹಿಡ್ಕೋತೀನಿ, ನೀವು ಪೂಜೆ ಮಾಡ್ರೀ" ಅಂದರು ಹೆಂಡತಿ ಜಗದಾಂಬಾ.

"ನಿನ್ ಲಿಂಗ ನಿನ್ ಕೈಗೆ, ನಂದು ನನ್ ಕೈಗೆ ಕಣೇ. ಬಿದ್ದುಗಿದ್ದರೆ ಏನ್ ಗತಿ?"

ಎದುರುಮನೆ ವೆಂಕಟಸ್ವಾಮಿ ಉಪಾಯ ಹೇಳಿದರು: "ಚೆಂಡು ಹಿಸುಕಿಸಮ್ಮ, ಕೈ ಕಬ್ಬಿಣ ಆಗುತ್ತೆ." ಜಗದಾಂಬಾ ಅವತ್ತೇ ಬಸವೇಶ್ವರನಗರವೆಲ್ಲ ಸುತ್ತಿ ರಬ್ಬರ್ ಚೆಂಡು ತಂದರು. ಟಿವಿ ಮುಂದೆ, ಬಾಗಿಲಲ್ಲಿ, ಊಟಕ್ಕೆ ಮುಂಚೆ, ಹಿಸುಕಿಸಿದ್ದೇ ಹಿಸುಕಿಸಿದ್ದು. ಕೈ ನಿಜಕ್ಕೂ ಕಬ್ಬಿಣವೇ ಆಯಿತು. ಉಗುರು ಕತ್ತರಿಸಲೂ ಬೆರಳು ಬಿಚ್ಚದು.

ವಿಜಯನಗರದ ಕ್ಲಿನಿಕ್ಕಿನಲ್ಲಿ ಫಿಸಿಯೋ ಶಿಲ್ಪಾ ಆ ಮುಷ್ಟಿಯನ್ನೂ ಜಗದಾಂಬಾ ಕೈಯಲ್ಲಿದ್ದ ಚೆಂಡನ್ನೂ ನೋಡಿ ಕೇಳಿದಳು, "ಆಂಟಿ, ಚೆಂಡು ಯಾರ್ ಕೊಟ್ರು?"

"ನಾನೇ ಕಣಮ್ಮ."

"ಮುಚ್ಚೋದು ಅಂಕಲ್‌ಗೆ ಆಗ್ಲೇ ಬರುತ್ತೆ. ಬಿಚ್ಚೋದು ತಾನೇ ಬೇಕಿರೋದು?"

ಜಗದಾಂಬಾಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಅಯ್ಯೋ, ನಾನೇ ಬೀಗ ಹಾಕಿದೆನಲ್ಲ!

ಶಿಲ್ಪಾ ಮಣಿಕಟ್ಟನ್ನು ನಿಧಾನವಾಗಿ ನೀವಿ, ಮುಂಗೈ ಮೇಲೆ ಅಂಟುಪಟ್ಟಿ ಹಚ್ಚಿ ವೈರು ಸಿಕ್ಕಿಸಿದಳು. "ಬೆರಳು ಬಿಚ್ಚೋಕೆ ಪ್ರಯತ್ನಪಡಿ ಅಂಕಲ್. ನಿಮ್ ಪ್ರಯತ್ನ ಸ್ಕ್ರೀನಲ್ಲಿ ಗೆರೆಯಾಗಿ ಏಳುತ್ತೆ. ಗುರುತು ದಾಟಿದ್ರೆ ಮಿಷಿನ್ ಸ್ವಲ್ಪ ಕರೆಂಟ್ ಕೊಟ್ಟು ಬೆರಳು ಎತ್ತುತ್ತೆ."

"ಅರ್ಧ ಕೆಲಸ ನಂದು, ಅರ್ಧ ಕೆಇಬಿದು ಅನ್ನು."

ಆದರೆ ಗೆರೆ ಏಳಲಿಲ್ಲ. ವಾರಗಟ್ಟಲೆ ಅವರು ಸ್ಕ್ರೀನನ್ನೇ ದುರುಗುಟ್ಟಿ ನೋಡುತ್ತ ಹಲ್ಲು ಕಚ್ಚುವುದು, ಮುಷ್ಟಿ ಇನ್ನಷ್ಟು ಬಿಗಿಯುವುದು. ಕೊನೆಗೆ ಜಗದಾಂಬಾಗೆ ತಡೆಯಲಾಗಲಿಲ್ಲ.

"ಶಿಲ್ಪಾ, ಆ ಟಿವಿ ಆ ಕಡೆ ತಿರುಗಿಸಮ್ಮ. ಪೂಜೇಲಿ ಇವರು ಅಂಗೈ ಬಿಟ್ಟು ಬೇರೆಲ್ಲೂ ನೋಡಿದೋರಲ್ಲ."

ಶಿಲ್ಪಾ ಅರೆಗಳಿಗೆ ಯೋಚಿಸಿ ಸ್ಕ್ರೀನನ್ನು ತನ್ನ ಕಡೆ ತಿರುಗಿಸಿಕೊಂಡಳು. "ಸರಿ, ಗೆರೆ ನಾನ್ ನೋಡ್ತೀನಿ. ಅಂಕಲ್, ನೀವು ಅಂಗೈ ನೋಡಿ. ಲಿಂಗಕ್ಕೆ ಜಾಗ ಮಾಡ್ಕೊಡಿ."

ಗಂಗಾಧರಯ್ಯನವರು ಉಸಿರು ಬಿಟ್ಟರು. ಹುಬ್ಬಿನ ಗಂಟು ಸಡಿಲಾಯಿತು. ದೃಷ್ಟಿ ಮುಷ್ಟಿಯ ಮೇಲೆ ನಿಂತಿತು. ತುಸು ಹೊತ್ತಿಗೆ ಗೆರೆ ಗುರುತು ದಾಟಿ ಮಿಷಿನ್ ಕೂಗಿತು. ಹೆಬ್ಬೆರಳು ಸರಿಯಿತು, ಹಿಂದೆಯೇ ಉಳಿದ ಬೆರಳುಗಳು ಎದ್ದವು.

"ಕರೆಂಟ್ ಬಂತು ಕಣೇ!" ಅಂದರು.

ಆಮೇಲೂ ಎಲ್ಲ ಸಲೀಸಾಗಲಿಲ್ಲ. ಕೆಲವು ದಿನ ಗೆರೆ ಏಳುತ್ತಿತ್ತು, ಕೆಲವು ದಿನ ಮಲಗಿರುತ್ತಿತ್ತು. ಚೆಂಡು ಎದುರುಮನೆ ನಾಯಿಗೆ ಹೋಯಿತು. ಮಳೆಗಾಲ ಕಳೆಯುವ ಹೊತ್ತಿಗೆ ಕೈ ಮಿಷಿನ್ ಇಲ್ಲದೆಯೂ ಬಿಚ್ಚತೊಡಗಿತು, ಪೂರ್ತಿಯಲ್ಲ, ತಟ್ಟೆಯ ಹಾಗಲ್ಲದಿದ್ದರೂ ಬಟ್ಟಲಿನ ಹಾಗೆ.

ಒಂದು ಸೋಮವಾರ ಸ್ನಾನ ಮುಗಿಸಿ ಬಂದವರು ಕರಡಿಗೆ ತೆರೆದರು. ಜಗದಾಂಬಾ ಎದುರು ಕೂತು, ಅವರ ಕೈ ಕೆಳಗೆ ಸೆರಗು ಹರಡಿ ಹಿಡಿದರು. ಲಿಂಗ ಅಂಗೈಗೆ ಬಂತು. ಕಿರುಬೆರಳು ಇನ್ನೂ ಬಾಗಿಯೇ ಇತ್ತು; ಅದೇ ಬೇಲಿಯಾಗಿ ಲಿಂಗವನ್ನು ತಡೆದು ನಿಲ್ಲಿಸಿತು.

ಬಲಗೈಯಿಂದ ನೀರು ಎರೆಯುತ್ತ ಅವರು, "ಸೆರಗು ತೆಗಿಯೇ, ನೆನೆಯುತ್ತೆ" ಅಂದರು, ದೃಷ್ಟಿ ಎತ್ತದೆ.

"ನೆನೀಲಿ, ನೀವು ಅಂಗೈ ನೋಡ್ರೀ."